ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

1967ರಲ್ಲಿ ಸ್ಥಾಪನೆಯಾಗಿ ಕಂಪ್ಯೂಟರ್ ತಯಾರಿಸಿದ ಸರ್ಕಾರಿ ಸಂಸ್ಥೆ ಇಸಿಐಎಲ್ ಹೈದರಾಬಾದಿನ ಕುಷಾಯಿಗೂಡದ ಮಗ್ಗುಲಲ್ಲೇ ಇದ್ದರೂ, ಅಲ್ಲಿನ ಗೇಮಿಂಗ್ ಕಂಪ್ಯೂಟರ್ ಜೋಡಿಸುವವರು ಬಿಡಿಭಾಗಕ್ಕೆ ಹೋಗುವುದು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ. ಅಲ್ಲಿ ಚೌಕಾಸಿ ಎಲ್ಲದರಲ್ಲೂ ಇರಲಿ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಲ್ಲಿ ಬೇಡ.

ಜೋಡಿಸಿದ ಮೇಲೆ ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಮೊದಲು ಮಾನಿಟರ್ ಕೇಬಲ್ ನೋಡಬೇಕು. ಅದು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಸೇರಿರಬೇಕು. ಬಳಿಕ ಪ್ರೊಸೆಸರ್ ಪಕ್ಕದ 8 ಪಿನ್ನಿನ ವಿದ್ಯುತ್ ಕನೆಕ್ಟರ್. ಹೊಸಬರು ಮರೆಯುವುದು ಹೆಚ್ಚಾಗಿ ಇದನ್ನೇ. ಅದೂ ಸರಿಯಿದ್ದರೆ ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಕೈಪಿಡಿ ಹೇಳಿದ ಸ್ಲಾಟಿಗೆ ಒಂದನ್ನೇ ‘ಟಕ್’ ಎನ್ನುವವರೆಗೆ ಒತ್ತಿ ಪರೀಕ್ಷಿಸಬೇಕು. ಡಿಡಿಆರ್5 ಬೋರ್ಡುಗಳು ಮೊದಲ ಸಲ ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು; ಅಷ್ಟರಲ್ಲಿ ಸ್ವಿಚ್ ಆರಿಸಬಾರದು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಗೋಡೆಯ ಪ್ಲಗ್ಗಿನ ಅರ್ಥಿಂಗ್ ಅನುಮಾನಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸುವುದು ಒಳ್ಳೆಯದು.