ಮುಕ್ತ ಪರವಾನಗಿಯೂ ನಮ್ಮ ಗ್ರಂಥಸ್ವಾಮ್ಯದ ಕಾಯಿದೆಯೂ

ಈ ಸಂಚಿಕೆಯಲ್ಲಿ ಅಚ್ಚಾಗುವ ಲೇಖನಗಳ ಒಡೆಯರು ಯಾರು? ಕಾಲೇಜೆಂದೇ ಮಿತ್ರರನೇಕರು ತಿಳಿದಿದ್ದಾರೆ. ಹಾಗಲ್ಲ. 1957ರ ಗ್ರಂಥಸ್ವಾಮ್ಯ ಕಾಯಿದೆಯ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಬರೆದ ವಿದ್ಯಾರ್ಥಿಯೇ ಮೊದಲ ಒಡೆಯ. ಆತನ ಜೀವಮಾನವೂ ಆ ಬಳಿಕ 60 ವರ್ಷಗಳೂ ಹಕ್ಕು ನಡೆಯುತ್ತದೆ. ಬೇರೊಂದು ಪತ್ರಿಕೆಯವರು ಅದನ್ನು ಪುನರ್ಮುದ್ರಿಸಬೇಕೆಂದರೆ ಆತನನ್ನು ಹುಡುಕಿಕೊಂಡು ಹೋಗಬೇಕು. ಆತ ಗತಿಸಿದ್ದರೆ ಮಕ್ಕಳು ಮೊಮ್ಮಕ್ಕಳನ್ನು!

ಈ ತೊಡಕನ್ನು ಮುಂಗಡವಾಗಿ ಬಿಡಿಸುವ ಉಪಾಯವೇ ಮುಕ್ತ ಪರವಾನಗಿ. ನನ್ನ ಹೆಸರು ಹೇಳಿ ಯಾರು ಬೇಕಾದರೂ ಬಳಸಿಕೊಳ್ಳಬಹುದೆಂದು ಕರ್ತೃವೇ ಲೋಕಕ್ಕೆ ಬರೆದುಕೊಡುವ ಪತ್ರವಿದು. ಅಮೆರಿಕದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯು 2002ರ ಡಿಸೆಂಬರಿನಲ್ಲಿ ಇಂಥ ಪತ್ರಗಳ ಮಾದರಿಗಳನ್ನು ಹೊರಡಿಸಿತು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಸಂಪುಟಗಳನ್ನು ಈ ಬಗೆಯ ಪರವಾನಗಿಯಲ್ಲಿಯೇ ಬಿಟ್ಟುಕೊಟ್ಟಿತು.

ಆದರೆ ಅಮೆರಿಕದ ಕಾಯಿದೆಯ ನುಡಿಯಲ್ಲಿ ಬರೆದ ಪತ್ರ ಭಾರತದ ನ್ಯಾಯಾಲಯದಲ್ಲಿ ನಿಂತೀತೇ? ಪರಭಾಷೆಯ ನಾಟಕವನ್ನು ನಮ್ಮ ರಂಗಕ್ಕೆ ಅಳವಡಿಸುವಾಗ ಹೆಸರು ಬದಲಾಯಿಸಿದರಷ್ಟೇ ಸಾಲದಷ್ಟೆ. ಇಲ್ಲಿಯೂ ಹಾಗೆಯೇ.

ನಮ್ಮ ಕಾಯಿದೆಯ 30ನೆಯ ಪ್ರಕರಣವನ್ನು ನೋಡಿರಿ. ಪರವಾನಗಿಯು ಬರಹದಲ್ಲಿರಬೇಕು, ಅದಕ್ಕೆ ಒಡೆಯನ ಸಹಿ ಬೀಳಬೇಕು ಎಂದು ಅಲ್ಲಿ ಮೊದಲು ಹೇಳಿತ್ತು. ಲೋಕಕ್ಕೆಲ್ಲ ಕೊಟ್ಟ ಅನುಮತಿಗೆ ಸಹಿ ಹಾಕುವುದೆಲ್ಲಿ? 2012ರ ತಿದ್ದುಪಡಿ ಸಹಿಯ ಮಾತನ್ನು ತೆಗೆದುಹಾಕಿತು. ಬರಹದ ನಿಯಮ ಉಳಿಯಿತು. ಇದಕ್ಕಿಂತ ಸೂಕ್ಷ್ಮವಾದುದು 30-ಎ ಪ್ರಕರಣ. ಹಕ್ಕಿನ ವರ್ಗಾವಣೆಯನ್ನು ಕುರಿತ 19ನೆಯ ಪ್ರಕರಣವನ್ನು ಅದು ಪರವಾನಗಿಗೂ ಅನ್ವಯಿಸುತ್ತದೆ. ಅದರಂತೆ ಅವಧಿಯನ್ನು ಹೇಳದಿದ್ದರೆ ಐದೇ ವರ್ಷ. ಪ್ರದೇಶವನ್ನು ಹೇಳದಿದ್ದರೆ ಭಾರತ ಮಾತ್ರ. ಬಡ ಲೇಖಕನನ್ನು ಪ್ರಕಾಶಕರ ಹಿಡಿತದಿಂದ ಕಾಪಾಡಲು ಬಂದ ನಿಯಮ, ಉದಾರಿಯಾದ ಲೇಖಕನ ಕೈಯನ್ನೂ ಕಟ್ಟಬಲ್ಲದು! ಆದುದರಿಂದಲೇ ಪರವಾನಗಿಯಲ್ಲಿರುವ 'ಜಗತ್ತಿನಾದ್ಯಂತ', 'ಹಕ್ಕಿನ ಪೂರ್ಣಾವಧಿಗೆ' ಎಂಬ ಪದಗಳು ಇಲ್ಲಿ ಬರಿಯ ಅಲಂಕಾರವಲ್ಲ.

ಇನ್ನು 57ನೆಯ ಪ್ರಕರಣ. ಹಕ್ಕನ್ನು ಮಾರಿದ ಮೇಲೂ ತನ್ನ ಮಾನಕ್ಕೆ ಕುಂದು ತರುವಂತೆ ಕೃತಿಯನ್ನು ವಿಕೃತಗೊಳಿಸುವುದನ್ನು ಕರ್ತೃ ತಡೆಯಬಹುದು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲರ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದಕ್ಕಾಗಿ, ದೆಹಲಿ ಉಚ್ಚ ನ್ಯಾಯಾಲಯವು 2005ರಲ್ಲಿ ಅವರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಶಿಲ್ಪಕ್ಕೆ ಹಣ ಕೊಟ್ಟವರು ಸರ್ಕಾರದವರೇ ಎಂಬುದನ್ನು ವಾಚಕರು ಗಮನಿಸಬೇಕು. ತಿದ್ದಿ ಬಳಸಿಕೊಳ್ಳಿರೆನ್ನುವ ಪರವಾನಗಿ ಈ ಹಕ್ಕಿಗೆ ಎದುರಾಗುತ್ತದೆ.

2007ರ ಜನವರಿಯಲ್ಲಿ ಭಾರತೀಯ ಕಾಯಿದೆಗೆ ಹೊಂದಿಸಿದ ಪಾಠ ಹೊರಬಂದಿತು. ಆದರೆ ದೇಶಕ್ಕೊಂದು ಪಾಠವಾದಾಗ ಗೊಂದಲವೂ ಬೆಳೆಯಿತು. 2013ರ ನಾಲ್ಕನೆಯ ಆವೃತ್ತಿಯಲ್ಲಿ ಎಲ್ಲ ದೇಶಗಳಿಗೂ ಒಂದೇ ಪಾಠ, ಭಾಷಾಂತರ ಮಾತ್ರ ಬೇರೆ. ಕರ್ತೃವಿನ ಮಾನದ ಹಕ್ಕನ್ನು ಅದು ಅವಶ್ಯವಾದಷ್ಟು ಮಟ್ಟಿಗೆ, ಕಾಯಿದೆ ಬಿಟ್ಟಷ್ಟು ಮಾತ್ರ ಸಡಿಲಿಸುತ್ತದೆ. ಈ ವಿನಯ ನನಗೆ ಸರಿಯೆನಿಸುತ್ತದೆ.

ಲೇಖನವನ್ನು ಮುಕ್ತವಾಗಿ ಕೊಡಬಯಸುವ ಗೆಳೆಯರು ಕೊನೆಯಲ್ಲಿ 'ಯಾರಾದರೂ ಬಳಸಬಹುದು' ಎಂದಷ್ಟೇ ಬರೆದು ಸುಮ್ಮನಾಗಬಾರದು. ಐದು ವರ್ಷದ ತಕರಾರು ಅಲ್ಲಿಯೇ ಕಾದಿರುತ್ತದೆ. ಪರವಾನಗಿಯ ಪೂರ್ಣ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಕಾಣಿಸತಕ್ಕದ್ದು.