ಮುಖ ಕಾಣದ ತರಗತಿಯಲ್ಲಿ ಮಾತಿನ ಮರ್ಯಾದೆ

ಮೈಸೂರು

ಪ್ರೀತಿಯ ಪುಟ್ಟಿಗೆ,

  

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ಆನ್‌ಲೈನ್ ಕೋರ್ಸಿಗೆ ಸೇರಿ ಐದು ವಾರವಾಯಿತು, ಮೇಲ್ ಹಾಕಿದರೆ ಮೇಷ್ಟ್ರಿಂದ ಉತ್ತರ ಬರುವುದಿಲ್ಲ, ಚರ್ಚೆಯಲ್ಲಿ ಬರೆಯಲು ಹೆದರಿಕೆ, ಯಾರೋ ಒಬ್ಬ ಎಲ್ಲರೆದುರು ಒರಟಾಗಿ ಉತ್ತರ ಕೊಟ್ಟ, ಬಿಟ್ಟುಬಿಡೋಣ ಅನ್ನಿಸುತ್ತಿದೆ ಎಂದೆಯಲ್ಲ, ಫೋನಿನಲ್ಲಿ ಸಮಾಧಾನ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ಕೋರ್ಸ್ ಬಿಡಬೇಡ. ನಿನಗೆ ಪಾಠ ಕಷ್ಟವಾಗುತ್ತಿಲ್ಲ, ಪಾಠದ ಸುತ್ತಲಿನ ಮಾತುಕತೆ ಕಷ್ಟವಾಗುತ್ತಿದೆ. ಅದನ್ನು ಕಲಿಯಬಹುದು.

ದೂರದಿಂದ ಕಲಿಯುವುದು ನಿಮ್ಮ ಕಾಲದಲ್ಲಿ ಹುಟ್ಟಿದ ಪದ್ಧತಿಯೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಪಾಠ ಹೇಳಲು ಶುರುಮಾಡಿತ್ತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಅಂಚೆ ಶಿಕ್ಷಣದ ವಿದ್ಯಾರ್ಥಿಗಳ ಉತ್ತರಗಳನ್ನೂ ತಿದ್ದುತ್ತಿದ್ದೆ. ಹಳ್ಳಿ ಶಾಲೆಯ ಮೇಷ್ಟ್ರುಗಳು, ಪೊಲೀಸ್ ಪೇದೆಗಳು, ಬ್ಯಾಂಕ್ ಗುಮಾಸ್ತರು, ಮದುವೆಯಾಗಿ ಓದು ನಿಂತುಹೋಗಿದ್ದ ಹೆಣ್ಣುಮಕ್ಕಳು, ಎಲ್ಲರೂ ಇದ್ದರು. ಅವರ ಪತ್ರಗಳು ನನಗೆ ಇಂದಿಗೂ ನೆನಪಿವೆ. ಹೆಸರು, ನೋಂದಣಿ ಸಂಖ್ಯೆ, ಇಂಥ ಪಾಠದ ಇಂಥ ಪುಟ, ಇಲ್ಲಿಯವರೆಗೆ ಅರ್ಥವಾಯಿತು, ಇಲ್ಲಿಂದ ಮುಂದೆ ಆಗಲಿಲ್ಲ. ಇಷ್ಟನ್ನೂ ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಹಿಡಿಸುತ್ತಿದ್ದರು. ಪ್ರಶ್ನೆ ಮಸುಕಾಗಿದ್ದರೆ ಪತ್ರ ಹೋಗಿ ಬರುವಷ್ಟು ದಿನ ದಂಡ ಎಂದು ಅವರಿಗೆ ಗೊತ್ತಿತ್ತು.

ಆಸ್ಟ್ರೇಲಿಯಾದ ಒಳನಾಡಿನಲ್ಲಿ ಇನ್ನೊಂದು ರೀತಿಯ ಶಾಲೆ ನಡೆಯಿತು. ಶಾಲೆಯೇ ಇಲ್ಲದಷ್ಟು ದೂರದ ಪಶುಪಾಲನಾ ಕೇಂದ್ರಗಳ ಮಕ್ಕಳಿಗಾಗಿ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ರೇಡಿಯೊ ಶಾಲೆ ಶುರುವಾಯಿತು. ಹಾರುವ ವೈದ್ಯರ ಸೇವೆಗೆಂದು ಇದ್ದ ದ್ವಿಮುಖ ರೇಡಿಯೊವನ್ನೇ ಪಾಠಕ್ಕೂ ಬಳಸಿಕೊಂಡರು. ಅಂಥ ರೇಡಿಯೊದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದೂ ಕೇಳಿಸುವುದಿಲ್ಲ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಶುರುಮಾಡಬೇಕು. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಇಂಥ ರೇಡಿಯೊ ಪಾಠ ಕೇಳಿ ಬೆಳೆದ ಹುಡುಗ ಮಾರ್ಟಿನ್ ಡೂಗಿಯಾಮಾಸ್. 2002ರಲ್ಲಿ ‘ಮೂಡಲ್’ ತಂತ್ರಾಂಶವನ್ನು ಹೊರತಂದವನು ಅವನೇ. ಇಂದು ಜಗತ್ತಿನ ಅದೆಷ್ಟೋ ಕಾಲೇಜುಗಳ ಆನ್‌ಲೈನ್ ಪಾಠ ಅದರ ಮೇಲೇ ನಡೆಯುತ್ತದೆ.

ಇದನ್ನೆಲ್ಲ ಹೇಳಲು ಕಾರಣವಿದೆ. ತರಗತಿಯಲ್ಲಿ ನಮ್ಮ ಪರವಾಗಿ ಮುಖ ಎಷ್ಟೋ ಮಾತಾಡಿಬಿಡುತ್ತದೆ. ನೀನು ಹುಬ್ಬು ಗಂಟಿಕ್ಕಿದರೆ ಅರ್ಥವಾಗಲಿಲ್ಲವೆಂದು ಮೇಷ್ಟ್ರಿಗೆ ತಿಳಿಯುತ್ತದೆ, ನಕ್ಕರೆ ತಮಾಷೆಗೆ ಹೇಳಿದೆಯೆಂದು ಪಕ್ಕದವಳಿಗೆ ಗೊತ್ತಾಗುತ್ತದೆ. ದೂರದ ಕಲಿಕೆಯಲ್ಲಿ ಆ ಮುಖವಿಲ್ಲ. ಅದು ಮಾಡುತ್ತಿದ್ದ ಕೆಲಸವನ್ನೆಲ್ಲ ನೀನು ಬರೆಯುವ ನಾಲ್ಕು ಸಾಲೇ ಮಾಡಬೇಕು. ಆನ್‌ಲೈನ್ ಶಿಷ್ಟಾಚಾರ ಎಂದು ದೊಡ್ಡ ಪಟ್ಟಿ ಕೊಡುತ್ತಾರಲ್ಲ, ಅದರ ಒಂದೊಂದು ನಿಯಮವೂ ಇಲ್ಲಿಂದಲೇ ಹುಟ್ಟಿದ್ದು. ಇದೊಂದು ಮನಸ್ಸಿನಲ್ಲಿದ್ದರೆ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ.

ನೀನು ಮೇಷ್ಟ್ರಿಗೆ ಕಳಿಸಿದ ಮೇಲನ್ನು ನನಗೆ ಓದಿ ಹೇಳಿದೆಯಲ್ಲ: “ಸರ್, ನನ್ನ ಅಸೈನ್‌ಮೆಂಟ್ ಅಪ್‌ಲೋಡ್ ಆಗ್ತಿಲ್ಲ. ಅರ್ಜೆಂಟ್. ಪ್ಲೀಸ್ ಹೆಲ್ಪ್.” ನಿನ್ನ ಆತಂಕ ನನಗೆ ಅರ್ಥವಾಗುತ್ತದೆ. ಅದನ್ನು ಓದುವವರ ಜಾಗದಲ್ಲಿ ಒಮ್ಮೆ ಕೂತು ನೋಡು ಮಗಳೇ. ಯಾರಿದು, ಯಾವ ಕೋರ್ಸು, ಯಾವ ವಾರದ ಅಸೈನ್‌ಮೆಂಟು, ಎಲ್ಲಿ ಸಿಕ್ಕಿಕೊಂಡಿದೆ? ಒಂದೂ ತಿಳಿಯುವುದಿಲ್ಲ. ಅವರು ಇದಕ್ಕೆ ಉತ್ತರಿಸಬೇಕಾದರೆ ಮೊದಲು ನಿನಗೇ ನಾಲ್ಕು ಪ್ರಶ್ನೆ ಕೇಳಬೇಕು. ದಿನಕ್ಕೆ ನೂರಾರು ಮೇಲ್ ಬರುವ ಕಡೆ ಅಂಥ ಮೇಲ್ ಕೆಳಗೇ ಉಳಿದುಬಿಡುತ್ತದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ವಿಷಯದ ಜಾಗದಲ್ಲಿ: “ನಾಲ್ಕನೇ ವಾರದ ಅಸೈನ್‌ಮೆಂಟ್ ಅಪ್‌ಲೋಡ್ ಆಗುತ್ತಿಲ್ಲ, ಬಿ ಬ್ಯಾಚ್.” ಒಳಗೆ: “ಮಾನ್ಯರೇ, ನಾನು ಸಂಖ್ಯಾಶಾಸ್ತ್ರ ಕೋರ್ಸಿನ ಬಿ ಬ್ಯಾಚಿನ ವಿದ್ಯಾರ್ಥಿನಿ. ಮಂಗಳವಾರ ರಾತ್ರಿ ಒಂಬತ್ತರಿಂದ ಪಿಡಿಎಫ್ ಅಪ್‌ಲೋಡ್ ಮಾಡಲು ನೋಡುತ್ತಿದ್ದೇನೆ. ಫೈಲ್ ದೊಡ್ಡದಾಗಿದೆ ಎಂಬ ಸೂಚನೆ ಬರುತ್ತಿದೆ. ಫೈಲನ್ನು ಚಿಕ್ಕದು ಮಾಡಿ ನೋಡಿದೆ, ಬೇರೆ ಬ್ರೌಸರಿನಲ್ಲೂ ಪ್ರಯತ್ನಿಸಿದೆ. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಕೊನೆಯ ದಿನ ಬುಧವಾರ. ಮೇಲ್‌ನಲ್ಲೇ ಕಳಿಸಬಹುದೇ, ದಯವಿಟ್ಟು ತಿಳಿಸಿ.” ಕೆಳಗೆ ಪೂರ್ತಿ ಹೆಸರು, ನೋಂದಣಿ ಸಂಖ್ಯೆ. ಇದನ್ನು ಓದಿದವರು “ಕಳಿಸಿ” ಎಂದೋ “ಬೇಡ” ಎಂದೋ ಒಂದೇ ಪದದಲ್ಲಿ ಉತ್ತರಿಸಬಹುದು. ಎದುರಿನವರ ಕೆಲಸ ಹಗುರ ಮಾಡುವುದೇ ಇಲ್ಲಿ ಗೌರವ ಕೊಡುವ ರೀತಿ. ಸಾಲಿಗೊಂದು “ಸರ್” ಸೇರಿಸಬೇಕಾಗಿಲ್ಲ.

ಕೇಳುವ ಮುಂಚೆ ಕೋರ್ಸಿನ ನಿಯಮದ ಪುಟವನ್ನು ಒಮ್ಮೆ ಪೂರ್ತಿ ಓದು. ಆನ್‌ಲೈನ್ ಪಾಠ ನಡೆಸುವ ಎನ್‌ಪಿಟಿಇಎಲ್‌ನ ಹನ್ನೆರಡು ವಾರದ ಕೋರ್ಸ್‌ಗಳನ್ನೇ ಉದಾಹರಣೆಗೆ ತೆಗೆದುಕೋ. ಅಲ್ಲಿ 12 ಅಸೈನ್‌ಮೆಂಟ್‌ಗಳಲ್ಲಿ ಚೆನ್ನಾಗಿ ಮಾಡಿದ 8ರ ಸರಾಸರಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75 ಅಂಕ. ಇದು ಗೊತ್ತಿದ್ದವರು ಒಂದು ವಾರದ ಅಸೈನ್‌ಮೆಂಟ್ ತಪ್ಪಿತೆಂದು ನಡುರಾತ್ರಿ ಗಾಬರಿಯ ಮೇಲ್ ಬರೆಯುವುದಿಲ್ಲ. ಉತ್ತರ ಎಷ್ಟು ದಿನಕ್ಕೆ ಬರುತ್ತದೆ, ಯಾವ ಪ್ರಶ್ನೆಯನ್ನು ಮೇಷ್ಟ್ರಿಗೆ ಕೇಳಬೇಕು, ಯಾವುದನ್ನು ಅವರ ಬೋಧನಾ ಸಹಾಯಕರಿಗೆ (ಟಿಎ) ಕೇಳಬೇಕು ಎಂಬುದನ್ನೂ ಎಷ್ಟೋ ಕೋರ್ಸ್‌ಗಳು ಮೊದಲ ವಾರದಲ್ಲೇ ತಿಳಿಸಿರುತ್ತವೆ. ತಿಳಿಸದಿದ್ದರೆ ಎರಡು ಮೂರು ಕೆಲಸದ ದಿನ ಕಾಯಿ. ಆಮೇಲೂ ಬರದಿದ್ದರೆ ಅದೇ ಮೇಲಿನ ಕೆಳಗೆ “ಇದನ್ನು ಗಮನಿಸಲು ಸಾಧ್ಯವಾಯಿತೇ?” ಎಂದು ಒಂದು ಸಾಲು ಬರೆ. ಒಂದೇ ಪ್ರಶ್ನೆಯನ್ನು ಮೇಲ್, ವಾಟ್ಸ್ಆ್ಯಪ್, ಫೋನು ಮೂರರಲ್ಲೂ ಒಟ್ಟಿಗೆ ಕೇಳಬೇಡ. ಉತ್ತರ ಬಂದಾಗ ಮಾತ್ರ “ಸರಿಹೋಯಿತು, ಧನ್ಯವಾದ” ಎಂದು ತಿಳಿಸುವುದನ್ನು ಮರೆಯಬೇಡ. ಸಮಸ್ಯೆ ಬಗೆಹರಿಯಿತೋ ಇಲ್ಲವೋ ಎಂದು ಅವರಿಗೂ ಗೊತ್ತಾಗಬೇಕು.

ಈಗ ಆ ಒರಟು ಉತ್ತರದ ವಿಷಯ. “ಇಷ್ಟೂ ಗೊತ್ತಿಲ್ವಾ?” ಎಂದು ಆ ಹುಡುಗ ಎಲ್ಲರೆದುರು ಬರೆದ ಎಂದು ನೀನು ಹೇಳಿದೆ. ಅವನು ಹಾಗೆ ಬರೆಯಬಾರದಿತ್ತು. ಎದುರಿಗೆ ಕೂತಿದ್ದರೆ ನಿನ್ನ ಮುಖ ಸಪ್ಪಗಾದದ್ದು ಕಂಡು ಮಾತನ್ನು ಅಲ್ಲೇ ನುಂಗಿಕೊಳ್ಳುತ್ತಿದ್ದನೇನೋ. ಈ ತೊಂದರೆ ಅಂತರ್ಜಾಲದಷ್ಟೇ ಹಳೆಯದು. 1982ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸ್ಕಾಟ್ ಫಾಲ್‌ಮನ್ ಅಡ್ಡ ಮಲಗಿದ ನಗುಮುಖದ ಗುರುತನ್ನು ಸೂಚಿಸಿದ್ದು ಇದೇ ಕಾರಣಕ್ಕೆ. ಅಲ್ಲಿನವರ ಚರ್ಚೆಯಲ್ಲಿ ತಮಾಷೆಯನ್ನು ನಿಜವೆಂದು ತಿಳಿದು ಗಲಾಟೆಯಾಗುತ್ತಿತ್ತು. 1995ರಲ್ಲಿ ಅಂತರ್ಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಬಳಗ ‘ಆರ್‌ಎಫ್‌ಸಿ 1855’ ಎಂಬ ನಡವಳಿಕೆಯ ಸೂಚಿಯನ್ನೇ ಹೊರತಂದಿತು. ಬರೀ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆದರೆ ಕಿರುಚಿದಂತೆ ಆಗುತ್ತದೆ, ಕೋಪ ಬಂದಾಗ ಉತ್ತರವನ್ನು ರಾತ್ರಿ ಕಳೆದ ಮೇಲೆ ಕಳಿಸಬೇಕು, ಓದುವವರೂ ನಮ್ಮಂಥ ಮನುಷ್ಯರೇ ಎಂದೆಲ್ಲ ಅದರಲ್ಲಿ ಆಗಲೇ ಬರೆದಿದ್ದರು.

ಯಾರದಾದರೂ ಮಾತನ್ನು ನೀನು ಒಪ್ಪದಿದ್ದರೆ ಅದನ್ನೂ ಬರೆಯಬೇಕು, ಹಿಂಜರಿಯಬೇಡ. ಆದರೆ ಅವರು ಹೇಳಿದ್ದರಲ್ಲಿ ಯಾವ ಸಾಲನ್ನು ಒಪ್ಪುವುದಿಲ್ಲ ಎಂದು ಆ ಸಾಲನ್ನೇ ತೋರಿಸಿ, ಕಾರಣ ಕೊಡು. “ನೀವು ತಪ್ಪು” ಎನ್ನುವ ಬದಲು “ಎರಡನೇ ಹೆಜ್ಜೆಯಲ್ಲಿ ನನಗೆ ಬೇರೆ ಉತ್ತರ ಬರುತ್ತಿದೆ, ಲೆಕ್ಕ ಹೀಗಿದೆ” ಎಂದರೆ ಚರ್ಚೆ ಮುಂದೆ ಸಾಗುತ್ತದೆ. ಬೇರೆಯವರ ಉತ್ತರದ ಕೆಳಗೆ “ನಾನೂ ಒಪ್ಪುತ್ತೇನೆ” ಎಂದಷ್ಟೇ ಬರೆದು ಅಂಕ ಗಿಟ್ಟಿಸಿಕೊಳ್ಳುವ ಅಭ್ಯಾಸವೂ ಬೇಡ. ಒಂದು ಉದಾಹರಣೆಯನ್ನೋ ಒಂದು ಪ್ರಶ್ನೆಯನ್ನೋ ಸೇರಿಸಿದರೆ ಓದಿದವರಿಗೂ ಪ್ರಯೋಜನ, ನಿನಗೂ ಪಾಠ ಗಟ್ಟಿಯಾಗುತ್ತದೆ.

ಲೈವ್ ತರಗತಿಗೆ ಎರಡು ನಿಮಿಷ ಮೊದಲೇ ಬಾ. “ರೆಡ್ಮಿ ನೋಟ್” ಎಂದೋ ಅಪ್ಪನ ಹೆಸರೋ ಕಾಣಿಸದಂತೆ ನಿನ್ನ ಹೆಸರು ಹಾಕಿಕೋ. ಮಾತಾಡುವವರೆಗೆ ಮೈಕ್ ಆಫ್ ಇರಲಿ. ನಿಮ್ಮ ಮನೆಯ ಕುಕ್ಕರ್ ಕೂಗಿದರೆ ಮೇಷ್ಟ್ರ ಮಾತು ನೂರು ಮನೆಗಳಲ್ಲಿ ಕೇಳಿಸದೆ ಹೋಗುತ್ತದೆ. ಕ್ಯಾಮೆರಾ ವಿಷಯದಲ್ಲಿ ಸಂಕೋಚ ಬೇಡ. ನೆಟ್ ಸಾಲದಿರಬಹುದು, ಒಂದೇ ಕೋಣೆಯಲ್ಲಿ ಅಜ್ಜಿ ಮಲಗಿರಬಹುದು. 2020ರ ಲಾಕ್‌ಡೌನಿನಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕೂತು ಪಾಠ ಕೇಳಿದ ಮಲೆನಾಡಿನ ಮಕ್ಕಳನ್ನು ನಾಡೆಲ್ಲ ನೋಡಿದೆ. ಕ್ಯಾಮೆರಾ ಹಾಕಲು ಆಗದಿದ್ದರೆ “ನೆಟ್ ಸಾಲುತ್ತಿಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ” ಎಂದು ಚಾಟ್‌ನಲ್ಲಿ ಒಂದು ಮಾತು ಹಾಕು. ಕತ್ತಲೆಯ ಚೌಕಗಳಿಗೆ ಪಾಠ ಹೇಳುವುದು ಎಷ್ಟು ಕಷ್ಟವೆಂದು ಪಾಠ ಮಾಡಿದವಳಾಗಿ ಹೇಳುತ್ತೇನೆ. “ಅರ್ಥವಾಯಿತೇ?” ಎಂದು ಕೇಳಿದಾಗ ಯಾರಾದರೂ ಒಬ್ಬರು “ಆಯಿತು” ಅಥವಾ “ಇನ್ನೊಮ್ಮೆ ಹೇಳಿ” ಎಂದರೆ ಮೇಷ್ಟ್ರಿಗೆ ಜೀವ ಬಂದಂತಾಗುತ್ತದೆ. ಆ ಒಬ್ಬಳು ನೀನೇ ಆಗು.

ವಾಟ್ಸ್ಆ್ಯಪ್ ಗುಂಪಿನ ಬಗ್ಗೆ ಎರಡೇ ಮಾತು. ಪಾಠದ ಗುಂಪಿನಲ್ಲಿ ಪಾಠದ ವಿಷಯ ಮಾತ್ರ ಇರಲಿ. ಗುಡ್ ಮಾರ್ನಿಂಗ್ ಚಿತ್ರಗಳ ಅಡಿಯಲ್ಲಿ ಪರೀಕ್ಷೆಯ ದಿನಾಂಕ ಹೂತುಹೋಗುವುದು ಬೇಡ. ಒಬ್ಬರು ನಿನಗೊಬ್ಬಳಿಗೇ ಬರೆದದ್ದರ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಬೇಡ, ಕೇಳದೆ ಯಾರ ಫೋನ್ ನಂಬರನ್ನೂ ಇನ್ನೊಬ್ಬರಿಗೆ ಕೊಡಬೇಡ.

ಗುಂಪಿನಲ್ಲಿ ಅಸೈನ್‌ಮೆಂಟಿನ ಉತ್ತರಗಳು ಓಡಾಡುತ್ತವೆ ಎಂದೂ ನೀನು ಹೇಳಿದ್ದೆ. ತೆಗೆದುಕೊಳ್ಳಬೇಡ, ಕೊಡಲೂಬೇಡ. ಗೆಳತಿಗೆ ಲೆಕ್ಕದ ದಾರಿ ವಿವರಿಸುವುದು ಬೇರೆ, ಉತ್ತರ ಕಳಿಸುವುದು ಬೇರೆ. ಎಐ ಬಳಸಿದರೂ ಅಷ್ಟೇ. ನಿಮ್ಮ ಕೋರ್ಸಿನಲ್ಲಿ ಎಷ್ಟಕ್ಕೆ ಅನುಮತಿ ಇದೆಯೆಂದು ಮೊದಲು ತಿಳಿದುಕೋ, ಬಳಸಿದ್ದರೆ ಬಳಸಿದ್ದೇನೆಂದು ಬರೆ. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸ್‌ಗಳನ್ನು ‘ಸ್ವಯಂ’ ಎಂಬ ಆನ್‌ಲೈನ್ ಕಲಿಕೆಯ ವೇದಿಕೆಯಲ್ಲಿ ಓದಿ ಕ್ರೆಡಿಟ್ ಪಡೆಯಬಹುದು. ಇಷ್ಟು ದೊಡ್ಡ ನಂಬಿಕೆಯನ್ನು ಮುಖ ನೋಡದ ವಿದ್ಯಾರ್ಥಿಗಳ ಮೇಲೆ ಇಟ್ಟಿದ್ದಾರೆ. ಅದನ್ನು ಉಳಿಸುವುದು ನಿಮ್ಮ ಕೈಯಲ್ಲಿದೆ.

ಇಂಗ್ಲಿಷಿನ ಭಯವನ್ನು ನೀನು ಬಾಯಿಬಿಟ್ಟು ಹೇಳಲಿಲ್ಲ, ನನಗೆ ತಿಳಿಯಿತು. ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಜಾಣ ಮಕ್ಕಳು ವ್ಯಾಕರಣ ತಪ್ಪೀತೆಂದು ಪ್ರಶ್ನೆಯನ್ನೇ ನುಂಗಿಕೊಳ್ಳುತ್ತಾರೆ. ಮೇಲೆ ಬರೆದ ನನ್ನ ಮಾದರಿಯನ್ನು ಮತ್ತೊಮ್ಮೆ ನೋಡು, ಒಂದು ಸಾಲಿಗೆ ಒಂದೇ ಸಂಗತಿ. ಅಂಥ ಚಿಕ್ಕ ವಾಕ್ಯಗಳು ಇಂಗ್ಲಿಷಿನಲ್ಲಿ ನಿನಗೆ ಬಂದೇ ಬರುತ್ತವೆ. ಮೊದಲು ಕನ್ನಡದಲ್ಲಿ ಬರೆದುಕೋ, ಆಮೇಲೆ ಒಂದೊಂದಾಗಿ ಇಂಗ್ಲಿಷಿಗೆ ತಾ. ಕನ್ನಡದಲ್ಲೇ ಕೇಳಬಹುದೇ ಎಂದು ವಿಚಾರಿಸುವುದರಲ್ಲೂ ತಪ್ಪಿಲ್ಲ. ಭಾಷೆ ತಡವರಿಸಿದರೂ ಪ್ರಶ್ನೆ ನೇರವಾಗಿದ್ದರೆ ಒಳ್ಳೆಯ ಮೇಷ್ಟ್ರು ಉತ್ತರ ಕೊಡುತ್ತಾರೆ.

ಇಷ್ಟೆಲ್ಲ ಹೇಳಿದೆನೆಂದು ಎಲ್ಲವನ್ನೂ ತಲೆತಗ್ಗಿಸಿ ಸಹಿಸಿಕೋ ಎಂದು ಅರ್ಥವಲ್ಲ. ಮರ್ಯಾದೆ ಎರಡೂ ಕಡೆಯಿಂದ ಬರಬೇಕು. ಸಹಪಾಠಿಯೊಬ್ಬ ರಾತ್ರಿ ಬೇಡದ ಮೆಸೇಜು ಕಳಿಸಿದರೆ “ಪಾಠದ ವಿಷಯಕ್ಕೆ ಮಾತ್ರ ಬರೆಯಿರಿ” ಎಂದು ಒಮ್ಮೆ ಖಡಾಖಂಡಿತವಾಗಿ ಹೇಳು. ಆಮೇಲೂ ನಿಲ್ಲದಿದ್ದರೆ ಆ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ಬ್ಲಾಕ್ ಮಾಡು, ಅಮ್ಮನಿಗೂ ಕೋರ್ಸಿನವರಿಗೂ ತಿಳಿಸು. ನ್ಯಾಯವಾದ ದೂರಿಗೆ ಬೆಲೆ ಸಿಗದಿದ್ದರೆ ಇನ್ನೊಂದು ದಾರಿಯಿದೆ: ಯುಜಿಸಿಯ 2023ರ ನಿಯಮದಂತೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು. ಅಲ್ಲಿಗೆ ಬರೆಯುವುದು ನಿನ್ನ ಹಕ್ಕು.

ಇವತ್ತೇ ಒಂದು ಕೆಲಸ ಮಾಡು. ಉತ್ತರ ಬಾರದ ಆ ಹಳೆಯ ಮೇಲನ್ನು ತೆಗೆದು, ಕೇಳಬೇಕಾದದ್ದನ್ನು ಹೊಸದಾಗಿ ಬರೆದು ನಾಳೆ ಬೆಳಿಗ್ಗೆ ಕಳಿಸು. ಕಳಿಸುವ ಮೊದಲು ಬೇಕಿದ್ದರೆ ನನಗೆ ತೋರಿಸು, ತಿದ್ದಿಕೊಡುತ್ತೇನೆ. ಈ ವಾರದ ಚರ್ಚೆಯಲ್ಲೂ ಒಂದು ಪ್ರಶ್ನೆ ಕೇಳು. ನಿನ್ನ ಹಾಗೇ ಅದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನೆ ಕೂತವರು ಇನ್ನೂ ಹತ್ತು ಮಂದಿ ಇರುತ್ತಾರೆ. ಅವರಲ್ಲಿ ಯಾರಾದರೂ ಮುಂದೆ ಕೇಳಿದಾಗ, ನಿನಗೆ ಸಿಗದಿದ್ದ ಸಮಾಧಾನದ ಉತ್ತರ ನಿನ್ನಿಂದ ಅವರಿಗೆ ಸಿಗಲಿ.

ಅಪ್ಪ ಅಮ್ಮನಿಗೆ ನನ್ನ ನೆನಪು ತಿಳಿಸು. ಊಟ ತಪ್ಪಿಸಿ ಓದಬೇಡ.

ಇತಿ, ನಿನ್ನ ಪ್ರೀತಿಯ
ದೊಡ್ಡಮ್ಮ