ಬಟ್ಟೆ ಒಗೆಯುವ ಕ್ಯಾಪ್ಸೂಲ್: ಪುಟ್ಟ ಮಕ್ಕಳ ಮನೆಗೆ ಏಳು ಪಾಠಗಳು

ಅಮೆರಿಕದಲ್ಲಿ ಮಕ್ಕಳ ತುರ್ತು ಚಿಕಿತ್ಸೆಯ ವೈದ್ಯನಾಗಿರುವ ನನಗೆ, ಮಗಳ ಬಾಣಂತನಕ್ಕೆ, ಮೊಮ್ಮಗುವನ್ನು ನೋಡಿಕೊಳ್ಳಲು ಕರ್ನಾಟಕದಿಂದ ಬಂದ ಅಜ್ಜ-ಅಜ್ಜಿಯರು ಆಗಾಗ ಸಿಗುತ್ತಾರೆ. ಊರಿನಲ್ಲಿ ಸೀಮೆಎಣ್ಣೆ, ಫಿನಾಯಿಲ್ ಮಗುವಿನ ಕೈಗೆಟುಕದಂತೆ ಕಾಯ್ದವರು ಅವರು. ಆದರೆ ವಾಷಿಂಗ್ ಮಷೀನಿಗೆ ಹಾಕುವ ಬಣ್ಣಬಣ್ಣದ ಕ್ಯಾಪ್ಸೂಲ್ ಅವರಿಗೆ ಹೊಸದು. ಈಗ ಅದು ಭಾರತದಲ್ಲೂ ಸಿಗುತ್ತಿರುವುದರಿಂದ ಈ ಮಾತುಗಳು ಅಲ್ಲಿನ ಮನೆಗಳಿಗೂ ಬೇಕು.

1. ಇದನ್ನು ಸೋಪಿನ ಪುಡಿಯಂತೆ ಕಾಣಬೇಡಿ. ಪುಡಿ ನೆಕ್ಕಿದ ಮಗು ಸಾಮಾನ್ಯವಾಗಿ ಒಂದೆರಡು ಸಲ ವಾಂತಿ ಮಾಡಿ ಸುಧಾರಿಸಿಕೊಳ್ಳುತ್ತದೆ. ಕ್ಯಾಪ್ಸೂಲಿನೊಳಗಿನ ದ್ರವದಲ್ಲಿ ನೀರಿನ ಅಂಶ ತೀರಾ ಕಡಿಮೆ, ರಾಸಾಯನಿಕ ಬಹಳ ಗಟ್ಟಿ. ಅದನ್ನು ನುಂಗಿದ ಕೆಲವು ಮಕ್ಕಳಿಗೆ ಮಂಪರು ಕವಿಯುತ್ತದೆ, ಉಸಿರು ಕಟ್ಟುತ್ತದೆ. ಗಂಟಲಿಗೆ ಕೊಳವೆ ಹಾಕಿ ಉಸಿರಾಡಿಸಬೇಕಾದ ಸ್ಥಿತಿಯೂ ಬರುತ್ತದೆ.

2. ಹಲ್ಲು ಬಂದಿಲ್ಲವೆಂದು ಧೈರ್ಯ ತಾಳಬೇಡಿ. ಹೊರಪೊರೆ ನೀರಿನಲ್ಲಿ ಕರಗಲೆಂದೇ ಮಾಡಿದ್ದು. ಒದ್ದೆ ಕೈ, ಜೊಲ್ಲು ತಾಗಿದರೂ ಅದು ಕರಗುತ್ತದೆ. ಬಾಯಲ್ಲಿಟ್ಟು ಒತ್ತಿದರೆ ದ್ರವ ಒಮ್ಮೆಲೇ ಚಿಮ್ಮಿ ಗಂಟಲಿಗೆ ಹೋಗುತ್ತದೆ.

3. ಹೆಚ್ಚು ಅಪಾಯ ಒಂದು, ಎರಡು ವರ್ಷದವರಿಗೆ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿ ನೋಡುವ ವಯಸ್ಸು ಅದು. ಅಮೆರಿಕದಲ್ಲಿ 2012 ಮತ್ತು 2013ರ ಎರಡೇ ವರ್ಷಗಳಲ್ಲಿ ಆರು ವರ್ಷದೊಳಗಿನ 17,230 ಮಕ್ಕಳ ಪ್ರಕರಣಗಳು ವಿಷ ಮಾಹಿತಿ ಕೇಂದ್ರಗಳಿಗೆ ವರದಿಯಾದವು. ಅವರಲ್ಲಿ ಸುಮಾರು ಮೂರನೇ ಎರಡು ಭಾಗ ಈ ವಯಸ್ಸಿನವರೇ. ಮರೆಗುಳಿತನ ಇರುವ ಹಿರಿಯರೂ ಇದನ್ನು ತಿಂದು ಸತ್ತಿದ್ದಾರೆ; ಅಂಥವರಿರುವ ಮನೆಯಲ್ಲೂ ಇದೇ ಎಚ್ಚರ ಇರಲಿ.

4. ವಾಂತಿ ಮಾಡಿಸಲೇಬೇಡಿ. ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು ಇದು. ಗಾಬರಿಯಲ್ಲಿ ಗಂಟಲಿಗೆ ಬೆರಳು ಹಾಕುವುದು, ಉಪ್ಪುನೀರು, ಹುಣಸೆನೀರು ಕುಡಿಸುವುದು ನಮ್ಮಲ್ಲಿ ರೂಢಿ. ಇಲ್ಲಿ ಅದರಿಂದ ಕೇಡೇ ಹೆಚ್ಚು. ಮೇಲೆ ಬರುವ ನೊರೆ ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪುನೀರಂತೂ ತಾನಾಗಿಯೇ ಪುಟ್ಟ ಮಗುವಿನ ಜೀವಕ್ಕೆ ಅಪಾಯ. ಬಾಯಲ್ಲಿ ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮಗು ಎಚ್ಚರವಾಗಿದ್ದು ಸರಿಯಾಗಿ ನುಂಗುತ್ತಿದ್ದರೆ ಒಂದೆರಡು ಗುಟುಕು ನೀರು ಕೊಡಿ. ಕೆಮ್ಮು, ಏದುಸಿರು, ನಿಲ್ಲದ ವಾಂತಿ, ಮಂಪರು ಕಂಡರೆ ಕಾಯದೆ ಆಂಬುಲೆನ್ಸ್ ಕರೆಯಿರಿ.

5. ಕಣ್ಣಿಗೆ ಚಿಮ್ಮಿದರೆ ಮೊದಲ ಮದ್ದು ನೀರು. ಕ್ಯಾಪ್ಸೂಲಿನಿಂದ ಕಣ್ಣು ಸುಟ್ಟುಕೊಂಡ ಪುಟ್ಟ ಮಕ್ಕಳ ಅಂದಾಜು ಸಂಖ್ಯೆ ಅಮೆರಿಕದಲ್ಲಿ 2012ರಲ್ಲಿ 12 ಇದ್ದದ್ದು 2015ರಲ್ಲಿ 480ಕ್ಕೆ ಏರಿತು. ಮಗು ಎಷ್ಟೇ ಅತ್ತರೂ ನಲ್ಲಿಯ ಉಗುರುಬೆಚ್ಚಗಿನ ನೀರನ್ನು ಹದಿನೈದು ನಿಮಿಷ ಮೆಲ್ಲಗೆ ಹರಿಸಿ. ಆಸ್ಪತ್ರೆಗೆ ಹೊರಡುವುದು ಆಮೇಲೆ.

6. ಡಬ್ಬದ ಮುಚ್ಚಳವೊಂದನ್ನೇ ನಂಬಬೇಡಿ. ಒಳಗಿನದು ಕಾಣದ, ಮಕ್ಕಳಿಗೆ ಸುಲಭವಾಗಿ ತೆಗೆಯಲಾಗದ ಡಬ್ಬ, ಪೊರೆಯಲ್ಲಿ ಬಾಯಿಗೆ ಸೇರದ ರುಚಿ, 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕನಿಷ್ಠ 30 ಸೆಕೆಂಡ್ ತಾಳುವ ಗುಣ, ಇವನ್ನೆಲ್ಲ ಐರೋಪ್ಯ ಒಕ್ಕೂಟ 2015ರಿಂದ ಕಡ್ಡಾಯ ಮಾಡಿದೆ. ಒಳ್ಳೆಯ ಕಾನೂನು. ಆದರೆ ಮಷೀನಿಗೆ ಬಟ್ಟೆ ತುಂಬುವಾಗ ತೆರೆದಿಟ್ಟ ಡಬ್ಬಕ್ಕೆ, ಮಷೀನಿನ ಮೇಲೆ ತೆಗೆದಿಟ್ಟ ಒಂದು ಕ್ಯಾಪ್ಸೂಲಿಗೆ ಯಾವ ಕಾನೂನೂ ಕಾವಲಿರದು. ಡಬ್ಬ ಬೀಗ ಹಾಕುವ ಎತ್ತರದ ಕಪಾಟಿನಲ್ಲಿರಲಿ. ತೆಗೆದ ಕೂಡಲೇ ಮುಚ್ಚಿ, ಅಲ್ಲೇ ಇಡಿ.

7. ಸಹಾಯವಾಣಿಯ ನಂಬರ್ ಅಜ್ಜ-ಅಜ್ಜಿಯ ಫೋನಿನಲ್ಲೂ ಇರಲಿ. ಅಮೆರಿಕದಲ್ಲಿ ವಿಷ ಸಹಾಯವಾಣಿ 1-800-222-1222, ಆಂಬುಲೆನ್ಸಿಗೆ 911. ಭಾರತದಲ್ಲಿ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 1800-116-117. ಕರ್ನಾಟಕದಲ್ಲಿ ಆಂಬುಲೆನ್ಸಿಗೆ 108. ಆಸ್ಪತ್ರೆಗೆ ಹೋಗುವಾಗ ಡಬ್ಬವನ್ನೂ ಜೊತೆಗೆ ತನ್ನಿ.

ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ ಕ್ಯಾಪ್ಸೂಲ್ ಕೊಳ್ಳಲೇಬೇಡಿ. ಪುಡಿಯಲ್ಲೂ ಬಟ್ಟೆ ಬೆಳ್ಳಗಾಗುತ್ತದೆ.